ಕುರ್ಚಿ ಎಲ್ಲಿ ಹಾಕಬೇಕು: ಒಂದು ಹಳೆಯ ಜಗಳ

2019ರ ನವೆಂಬರಿನಲ್ಲಿ ಅಮೆರಿಕದ ಸಾಮಾಜಿಕ ಭದ್ರತಾ ಇಲಾಖೆ ತನ್ನ ಸುಮಾರು 12,000 ನೌಕರರಿಗೆ ಇದ್ದ ಒಂದು ಸೌಲಭ್ಯವನ್ನು ನಿಲ್ಲಿಸಿತು. ವಯಸ್ಸಾದವರಿಗೆ ಪಿಂಚಣಿ, ಅಂಗವಿಕಲರಿಗೆ ಭತ್ಯೆ ಕೊಡುವ ಇಲಾಖೆ ಅದು. ವಾರದ ಕೆಲವು ದಿನ ಮನೆಯಿಂದಲೇ ಕೆಲಸ ಮಾಡುವ ಏರ್ಪಾಡು ಅಲ್ಲಿ ಪ್ರಯೋಗವೆಂದು ಶುರುವಾಗಿ ಆರು ವರ್ಷ ನಡೆದಿತ್ತು. ಜನ ಕಾಯಬೇಕಾದ ಹೊತ್ತು ಹೆಚ್ಚಾಗಿದೆ, ಸೇವೆ ಸುಧಾರಿಸಬೇಕು ಎಂದು ಆಡಳಿತ ಕಾರಣ ಕೊಟ್ಟಿತು. ಮನೆಯಿಂದ ಕೆಲಸ ಮಾಡಿದ್ದರಿಂದಲೇ ತಡವಾಯಿತು ಎನ್ನುವುದಕ್ಕೆ ಲೆಕ್ಕ ಎಲ್ಲಿದೆ ಎಂದು ನೌಕರರ ಯೂನಿಯನ್ ಕೇಳಿತು. ಜಗಳ ಇನ್ನೂ ಆರಿರಲಿಲ್ಲ. ನಾಲ್ಕು ತಿಂಗಳಿಗೆ ಕೊರೊನಾ ಬಂತು. 2020ರ ಮಾರ್ಚ್ 17ರಂದು ಅದೇ ಇಲಾಖೆಯ ಸ್ಥಳೀಯ ಕಚೇರಿಗಳು ಸಾರ್ವಜನಿಕರಿಗೆ ಬಾಗಿಲು ಹಾಕಿದವು. ಮನೆಯಲ್ಲಿ ಕೂತು ಮಾಡಲಾಗದು ಎನ್ನಲಾಗಿದ್ದ ಕೆಲಸ ಮನೆಗಳಿಂದಲೇ ನಡೆಯತೊಡಗಿತು. ಆ ಬಾಗಿಲುಗಳು ಪೂರ್ತಿ ತೆರೆದದ್ದು 2022ರ ಏಪ್ರಿಲ್‌ನಲ್ಲಿ.

ಕಾಲದ ವ್ಯಂಗ್ಯ ಎಂದು ಹೇಳಿ ಇದನ್ನು ಮುಗಿಸಿಬಿಡಬಹುದು. ಆದರೆ ದುಡಿಮೆಯ ಇತಿಹಾಸದಲ್ಲಿ ಸಂಶೋಧನೆ ಮಾಡುತ್ತಿರುವ ನನ್ನನ್ನು ಕಾಡಿದ್ದು ಬೇರೊಂದು ವಿಷಯ. ಇಂದು ಮನೆಗೆಲಸದ ಹಕ್ಕಿಗಾಗಿ ಹೋರಾಡುತ್ತಿರುವ ಕಾರ್ಮಿಕ ಚಳವಳಿಯೇ ಒಂದು ಕಾಲದಲ್ಲಿ ಅದನ್ನು ನಿಷೇಧಿಸಬೇಕೆಂದು ಬೀದಿಗಿಳಿದಿತ್ತು. (ಇಲ್ಲಿ ಮನೆಗೆಲಸವೆಂದರೆ ಅಡುಗೆ, ಕಸಮುಸುರೆಯಲ್ಲ, ಮನೆಯಲ್ಲಿ ಕೂತು ಮಾಲೀಕನಿಗಾಗಿ ಮಾಡುವ ಕೆಲಸ.)

ಹತ್ತೊಂಬತ್ತನೆಯ ಶತಮಾನದ ನ್ಯೂಯಾರ್ಕಿನಲ್ಲಿ ವಲಸೆ ಬಂದ ಕುಟುಂಬಗಳು ವಠಾರದ ಕೋಣೆಗಳಲ್ಲಿ ಸಿಗಾರ್ ಸುತ್ತುತ್ತಿದ್ದವು. ಮಲಗುವುದು, ಉಣ್ಣುವುದು, ತಂಬಾಕು ಒಣಗಿಸುವುದು ಎಲ್ಲ ಅಲ್ಲೇ. ಎಣಿಕೆಯ ಮೇಲೆ ಕೂಲಿ. ಮಕ್ಕಳೂ ಕೈಜೋಡಿಸಬೇಕು. ಸ್ವತಃ ಸಿಗಾರ್ ಕಾರ್ಮಿಕನಾಗಿದ್ದ, ಮುಂದೆ ದೊಡ್ಡ ಕಾರ್ಮಿಕ ನಾಯಕನಾದ ಸ್ಯಾಮ್ಯುಯೆಲ್ ಗಾಂಪರ್ಸ್ ಇದರ ವಿರುದ್ಧ ಹೋರಾಡಿದ. 1884ರಲ್ಲಿ ಇದನ್ನು ನಿಷೇಧಿಸುವ ಕಾನೂನು ಬಂತು, 1885ರಲ್ಲಿ ರಾಜ್ಯದ ಉನ್ನತ ನ್ಯಾಯಾಲಯ ಅದನ್ನು ಹೊಡೆದುಹಾಕಿತು. ಒಬ್ಬನನ್ನು ಅವನ ಮನೆಯಿಂದ ಹೊರಡಿಸಿ ಬೇರೆಡೆ ದುಡಿಸಿದರೆ ಅವನ ಆರೋಗ್ಯವೂ ನೀತಿಯೂ ಹೇಗೆ ಸುಧಾರಿಸುತ್ತವೆ ಎಂಬುದು ನ್ಯಾಯಪೀಠದ ಪ್ರಶ್ನೆಯಾಗಿತ್ತು. ಮನೆಯ ಪಾವಿತ್ರ್ಯದ ಮಾತು ಅಂದು ಮಾಲೀಕನ ನೆರವಿಗೆ ಬಂತು.

ಈ ಚಿತ್ರ ನಮಗೆ ಹೊಸದಲ್ಲ. ದಕ್ಷಿಣ ಕನ್ನಡದ ಮನೆಗಳ ಜಗಲಿಯಲ್ಲಿ ಮೊರ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟಿದ ಹೆಂಗಸರೂ ಇದೇ ಕಥೆಯವರು. ಎಲೆ, ತಂಬಾಕು ಗುತ್ತಿಗೆದಾರನದು. ಜಾಗ, ದೀಪ, ಬೆನ್ನುನೋವು ಅವರದು. ಮನೆಯಲ್ಲಿ ಕಟ್ಟುವವರು ನಮ್ಮ ನೌಕರರೇ ಅಲ್ಲ ಎಂದು ಮಾಲೀಕರು ವಾದಿಸುತ್ತಿದ್ದರು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ದುಡಿಯುವವರನ್ನೂ ನೌಕರರೆಂದು ಒಪ್ಪಿತು. ಮಂಗಳೂರಿನ ಬೀಡಿ ಉದ್ಯಮದವರು ಅದನ್ನು ಪ್ರಶ್ನಿಸಿದರು, 1974ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು.

1973ರ ತೈಲ ಬಿಕ್ಕಟ್ಟಿನ ಹೊತ್ತಿಗೆ ಮನೆಗೆಲಸಕ್ಕೆ ಹೊಸ ಅಂಗಿ ಬಂತು. ಜ್ಯಾಕ್ ನಿಲ್ಸ್ ಎಂಬ ಎಂಜಿನಿಯರ್ 'ಟೆಲಿಕಮ್ಯೂಟಿಂಗ್' ಎಂಬ ಪದ ಕಟ್ಟಿದ. ನೌಕರ ಕೆಲಸದ ಬಳಿಗೆ ಹೋಗುವ ಬದಲು ಕೆಲಸವೇ ತಂತಿಯ ಮೂಲಕ ನೌಕರನ ಬಳಿಗೆ ಬರಲಿ, ಪೆಟ್ರೋಲ್ ಉಳಿಯಲಿ ಎಂಬ ಯೋಚನೆ. ಯೂನಿಯನ್ನುಗಳಿಗೆ ಇದರಲ್ಲಿ ಕಂಡದ್ದು ಅದೇ ಹಳೆಯ ವಠಾರ. ಅಮೆರಿಕದ ಕಾರ್ಮಿಕ ಸಂಘಗಳ ಒಕ್ಕೂಟ 1983ರಲ್ಲಿ ಕಂಪ್ಯೂಟರ್ ಮೂಲಕ ಮಾಡುವ ಮನೆಗೆಲಸವನ್ನು ನಿಷೇಧಿಸಬೇಕೆಂದು ನಿರ್ಣಯ ಮಾಡಿತು. ಚದುರಿಹೋದವರನ್ನು ಸಂಘಟಿಸುವುದು ಹೇಗೆ ಎಂಬ ಭಯ ಸುಳ್ಳಾಗಿರಲಿಲ್ಲ.

ಹಾಗಾದರೆ ಇದೇ ಚಳವಳಿ ತಿರುಗಿ ನಿಂತದ್ದು ಹೇಗೆ? ನನಗೆ ಕಾಣುವ ಉತ್ತರ ಇಷ್ಟು. ವಠಾರದ ಸಿಗಾರ್ ಕಾರ್ಮಿಕನಿಗೆ ಸಂಬಳ, ರಜೆ, ಪಿಂಚಣಿ ಯಾವುದೂ ಇರಲಿಲ್ಲ. ಮನೆ ಅವನನ್ನು ಕಾನೂನಿನ ಕಣ್ಣಿಂದ ಮರೆಮಾಡುವ ಗೋಡೆಯಾಗಿತ್ತು. ಸರ್ಕಾರಿ ನೌಕರನಿಗೆ ಅವೆಲ್ಲ ಮೊದಲೇ ಸಿಕ್ಕಿದ್ದವು. ಅವುಗಳ ಜೊತೆಯಲ್ಲೇ ಮನೆಗೆ ಹೋದಾಗ ಮನೆ ಬಿಡುವಾಯಿತು. ಶೋಷಣೆಗೂ ಸ್ವಾತಂತ್ರ್ಯಕ್ಕೂ ನಡುವೆ ಇದ್ದದ್ದು ಜಾಗದ ವ್ಯತ್ಯಾಸವಲ್ಲ, ಒಪ್ಪಂದದ ವ್ಯತ್ಯಾಸ.

2010ರ ಫೆಬ್ರವರಿಯಲ್ಲಿ ಭಾರಿ ಹಿಮ ಬಿದ್ದು ವಾಷಿಂಗ್ಟನ್ನಿನ ಸರ್ಕಾರಿ ಕಚೇರಿಗಳು ದಿನಗಟ್ಟಲೆ ಮುಚ್ಚಿದವು. ಅದೇ ಡಿಸೆಂಬರಿನಲ್ಲಿ ಒಬಾಮಾ ಟೆಲಿವರ್ಕ್ ಕಾಯ್ದೆಗೆ ಸಹಿ ಹಾಕಿದರು. ಪ್ರತಿ ಇಲಾಖೆಯೂ ನೀತಿ ರೂಪಿಸಬೇಕು, ಯಾರು ಅರ್ಹರೆಂದು ಅವರಿಗೆ ತಿಳಿಸಬೇಕು ಎಂದಿತು ಕಾಯ್ದೆ. ಆದರೆ ಮನೆಯಿಂದ ಕೆಲಸ ಮಾಡುವುದು ಹಕ್ಕು ಎಂದು ಅದು ಹೇಳಲಿಲ್ಲ. ಮುಂದಿನ ಜಗಳವೆಲ್ಲ ಹುಟ್ಟಿದ್ದು ಈ ಸಂದಿಯಲ್ಲಿ. ಹಕ್ಕಲ್ಲದ್ದನ್ನು ಉಳಿಸಿಕೊಳ್ಳಲು ಯೂನಿಯನ್ ಅದನ್ನು ಒಪ್ಪಂದದ ಕಾಗದದಲ್ಲಿ ಬರೆಸಬೇಕಿತ್ತು.

ಅಮೆರಿಕದ ಕೇಂದ್ರ ಸರ್ಕಾರದ ನೌಕರರಿಗೆ ಮುಷ್ಕರ ನಿಷಿದ್ಧ. 1981ರ ಆಗಸ್ಟ್‌ನಲ್ಲಿ ಮುಷ್ಕರ ಹೂಡಿದ ವಿಮಾನ ಸಂಚಾರ ನಿಯಂತ್ರಕರಲ್ಲಿ 11,000ಕ್ಕೂ ಹೆಚ್ಚು ಮಂದಿಯನ್ನು ರೇಗನ್ ವಜಾ ಮಾಡಿದ ನೆನಪು ಅವರ ಬೆನ್ನಿಗಿದೆ. ಹಾಗಾಗಿ ಅವರ ಕೈಗೆ ಉಳಿದದ್ದು 1978ರ ಕಾನೂನು ಕೊಟ್ಟ ಚೌಕಾಸಿ, ದೂರು, ಕೋರ್ಟು. ಮಾತುಕತೆ ಮುರಿದುಬಿದ್ದರೆ ತೀರ್ಮಾನ ಕೊಡುವ ಸಮಿತಿಯ ಸದಸ್ಯರನ್ನು ನೇಮಿಸುವವರು ರಾಷ್ಟ್ರಾಧ್ಯಕ್ಷರು. 2019ರಲ್ಲಿ ಆ ಸಮಿತಿಯ ತೀರ್ಪು ಆಡಳಿತದ ಕೈಯನ್ನೇ ಬಲಪಡಿಸಿತ್ತು.

ಕೆನಡಾದ ನೌಕರರಿಗೆ ಮುಷ್ಕರದ ಹಕ್ಕಿದೆ. 2023ರ ಏಪ್ರಿಲ್ 19ರಂದು ಅಲ್ಲಿನ 1,55,000ಕ್ಕೂ ಹೆಚ್ಚು ಸರ್ಕಾರಿ ನೌಕರರು ಕೆಲಸ ನಿಲ್ಲಿಸಿದರು. ಸಂಬಳದ ಜೊತೆಗೆ ಟೆಲಿವರ್ಕ್ ಅವರ ಮುಖ್ಯ ಬೇಡಿಕೆ. ಮೇ ಮೊದಲ ವಾರದಲ್ಲಿ ಸಿಕ್ಕಿದ್ದು ಸಂಬಳದ ಏರಿಕೆ ಮತ್ತು ಮನೆಗೆಲಸದ ಬಗ್ಗೆ ಮುಖ್ಯ ಒಪ್ಪಂದದ ಹೊರಗೆ ಇಟ್ಟ ಒಂದು ಪತ್ರ. 2024ರ ಸೆಪ್ಟೆಂಬರಿನಿಂದ ವಾರಕ್ಕೆ ಕನಿಷ್ಠ ಮೂರು ದಿನ ಕಚೇರಿ ಎಂದು ಸರ್ಕಾರ ಹೇಳಿತು. ಬೀದಿಗಿಳಿದರೂ ಕುರ್ಚಿ ಎಲ್ಲಿರಬೇಕೆಂಬ ಮಾತು ಮಾಲೀಕನ ಬಾಯಲ್ಲೇ ಉಳಿಯಿತು.

ಅಮೆರಿಕದಲ್ಲಿ ಕಾಗದವೂ ಕೈಕೊಟ್ಟಿತು. 2024ರ ಕೊನೆಗೆ ಸಾಮಾಜಿಕ ಭದ್ರತಾ ಇಲಾಖೆ ಮತ್ತು ಯೂನಿಯನ್ ಸೇರಿ ಸುಮಾರು 42,000 ನೌಕರರ ಟೆಲಿವರ್ಕನ್ನು 2029ರವರೆಗೆ ಕಾಯುವ ಒಪ್ಪಂದ ಮಾಡಿಕೊಂಡಿದ್ದವು. 2025ರ ಜನವರಿ 20ರಂದು, ಅಧಿಕಾರಕ್ಕೆ ಬಂದ ದಿನವೇ, ಟ್ರಂಪ್ ಎಲ್ಲರೂ ಕಚೇರಿಗೆ ಮರಳಬೇಕೆಂಬ ಆದೇಶಕ್ಕೆ ಸಹಿ ಹಾಕಿದರು. ಮಾರ್ಚ್‌ನಲ್ಲಿ ದೇಶದ ಭದ್ರತೆಯ ಕಾರಣ ಕೊಟ್ಟು ಹಲವು ಇಲಾಖೆಗಳಲ್ಲಿ ಚೌಕಾಸಿಯ ಹಕ್ಕನ್ನೇ ತೆಗೆಯುವ ಆದೇಶ ಬಂತು. ಜಗಳ ಕೋರ್ಟಿಗೆ ಹೋಯಿತು.

ಆಡಳಿತದ ಮಾತಿನಲ್ಲಿ ಹುರುಳೇ ಇಲ್ಲವೆನ್ನಲಾರೆ. ಪಿಂಚಣಿ ನಿಂತ ಮುದುಕಿಗೆ ಕಿಟಕಿಯಾಚೆ ಒಂದು ಮುಖ ಬೇಕು. ಅಲ್ಲಿನ ನೌಕರರಲ್ಲೇ ಅರ್ಧಕ್ಕೂ ಹೆಚ್ಚು ಮಂದಿ ಆಸ್ಪತ್ರೆ, ಗಡಿ, ಉದ್ಯಾನಗಳಂಥ ಕಡೆ ಖುದ್ದು ನಿಂತೇ ದುಡಿಯಬೇಕಾದವರು. ಅವರಿಗೆ ಈ ಬಿಡುವು ಎಂದೂ ಇರಲಿಲ್ಲ. ಆದರೆ ಯಾವ ಕೆಲಸಕ್ಕೆ ಯಾವ ಜಾಗ ಎಂಬುದನ್ನು ಕೂತು ಮಾತಾಡಿ ತೀರ್ಮಾನಿಸುವುದು ಬೇರೆ, ಮಾತಾಡುವ ಮೇಜನ್ನೇ ಎತ್ತಿಡುವುದು ಬೇರೆ.

ಬೀಡಿ ಕಟ್ಟುವ ಹೆಂಗಸು ಮನೆಯಲ್ಲಿದ್ದೂ ನೌಕರಳೆಂದು ಹೆಸರು ಪಡೆಯಲು ಕಾನೂನು ಬೇಕಾಯಿತು. ವಾಷಿಂಗ್ಟನ್ನಿನ ಗುಮಾಸ್ತ ನೌಕರನಾಗಿದ್ದೂ ಮನೆಯಲ್ಲಿರಲು ಒಪ್ಪಂದ ಬೇಕಾಯಿತು. ಇಬ್ಬರೂ ಕೇಳಿದ್ದು ಒಂದನ್ನೇ: ನಮ್ಮ ದುಡಿಮೆಯ ಬಗ್ಗೆ ನಮ್ಮನ್ನೂ ಒಂದು ಮಾತು ಕೇಳಿ.