ಅಂಗಳ ಗುಡಿಸಿದವರು

ಪುಣ್ಯಸ್ಥಳಗಳ ಚರಿತ್ರೆಯನ್ನು ಬರೆಯುವವರು ಕಟ್ಟಿಸಿದ ಅರಸನ ಹೆಸರನ್ನೂ ದಾನವಿತ್ತ ದಂಡನಾಯಕನ ಬಿರುದುಗಳನ್ನೂ ಶಾಸನಗಳಿಂದ ಆರಿಸಿ ತೆಗೆಯುವರು. ಅಂಗಭೋಗ, ರಂಗಭೋಗ, ಖಂಡಸ್ಫುಟಿತ ಜೀರ್ಣೋದ್ಧಾರಗಳಿಗಾಗಿ ಭೂಮಿ ಬಿಟ್ಟುದನ್ನು ಶಾಸನಗಳು ಮತ್ತೆ ಮತ್ತೆ ಹೇಳುವುವು. ಆದರೆ ದಿನವೂ ಅರುಣೋದಯಕ್ಕೆ ಎದ್ದು ಅಂಗಳ ಗುಡಿಸಿ, ಗಿಡಗಳಿಗೆ ನೀರೆರೆದವರ ಹೆಸರು ಕಲ್ಲಿನ ಮೇಲೆ ಬಲು ವಿರಳ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಪುಣ್ಯಸ್ಥಳಗಳು ಶತಮಾನಗಳಿಂದ ಬಾಳಿಬಂದುದು ಇಂಥ ಹೆಸರಿಲ್ಲದ ಕೈಗಳಿಂದ.

ನಮ್ಮ ಹಿರಿಯರು ಈ ಕೆಲಸವನ್ನು ಕೀಳೆಂದು ಎಣಿಸಿದುದಿಲ್ಲ. ಭಾಗವತದ ಏಕಾದಶ ಸ್ಕಂಧವು ದೇವರ ಮನೆಯನ್ನು ಗುಡಿಸುವ ಸಮ್ಮಾರ್ಜನವನ್ನೂ ಸಾರಿಸುವ ಉಪಲೇಪನವನ್ನೂ ಭಕ್ತಿಯ ಅಂಗಗಳಲ್ಲಿ ಸೇರಿಸಿದೆ. 12ನೆಯ ಶತಮಾನದ ಶರಣರು ಇನ್ನೂ ಮುಂದೆ ಹೋದರು. ಶಿವಭಕ್ತರ ಅಂಗಳವನ್ನು ಗುಡಿಸುವುದೇ ಶರಣೆ ಸತ್ಯಕ್ಕನ ಕಾಯಕವಾಗಿತ್ತೆಂದು ಪರಂಪರೆ ಹೇಳುವುದು. ಕಾಯಕದಲ್ಲಿ ಮೇಲುಕೀಳಿಲ್ಲವೆಂಬ ಮಾತಿಗೆ ಆಕೆಯ ಕೈಯ ಕಸಬರಿಗೆಗಿಂತ ಬೇರೆ ಸಾಕ್ಷಿ ಬೇಡ.

ಅಫಜಲಪುರ ತಾಲೂಕಿನ ಗಾಣಗಾಪುರವು ಭೀಮಾ ಅಮರಜಾ ನದಿಗಳ ಸಂಗಮಕ್ಷೇತ್ರ. ಶ್ರೀ ನರಸಿಂಹ ಸರಸ್ವತಿಗಳು ನೆಲಸಿದ್ದ ಸ್ಥಳ. ಅವರ ಮಹಿಮೆಯನ್ನು ಹೇಳುವ ಮರಾಠಿಯ ಗುರುಚರಿತ್ರೆಯಲ್ಲಿ ಈ ವಿಷಯಕ್ಕೆ ಒಪ್ಪುವ ಎರಡು ಕಥೆಗಳುಂಟು. ಕುಷ್ಠರೋಗಿಯೊಬ್ಬನು ಗುರುಗಳ ಮಾತಿನಂತೆ ಸಂಗಮದಲ್ಲಿ ಒಣಗಿದ ಅತ್ತಿಯ ಕೊರಡನ್ನು ನೆಟ್ಟು, ಜನರು ನಕ್ಕರೂ ಬಿಡದೆ ನೀರೆರೆದನು. ಕೊರಡು ಚಿಗುರಿತು, ರೋಗವೂ ಹೋಯಿತು. ಇನ್ನೊಂದು ಕಥೆಯ ಅಗಸನು ಕೃಷ್ಣಾತೀರದ ಕುರವಪುರದಲ್ಲಿ ಶ್ರೀಪಾದ ಶ್ರೀವಲ್ಲಭರ ಅಂಗಳವನ್ನು ನಿತ್ಯವೂ ಗುಡಿಸುತ್ತಿದ್ದನು. ಮರುಜನ್ಮದಲ್ಲಿ ಬೀದರಿನ ಮುಸಲ್ಮಾನ ಅರಸನಾಗಿ ಹುಟ್ಟಿ, ಗಾಣಗಾಪುರಕ್ಕೆ ಬಂದು ಗುರುವನ್ನು ಗುರುತಿಸಿದನು. ಕಥೆಯನ್ನು ಇತಿಹಾಸವೆಂದು ಒಪ್ಪದವರೂ ಇದರೊಳಗಿನ ಅಭಿಪ್ರಾಯವನ್ನು ಒಪ್ಪಬೇಕು: ಸಿಂಹಾಸನಕ್ಕೆ ಏರಿಸಿದುದು ಕಸಬರಿಗೆ.

ಗಾಣಗಾಪುರದಲ್ಲಿ ಸೇವೆಗೆ ಕುಳಿತವರ ದಿನಚರಿ ಈ ಕಥೆಗಳಿಂದ ದೂರವಾದುದಲ್ಲ. ಬೆಳಗ್ಗೆ ಸಂಗಮಸ್ನಾನ, ಅತ್ತಿಯ ನೆರಳಿನಲ್ಲಿ ಪಾರಾಯಣ, ಮಧ್ಯಾಹ್ನ ಮಧುಕರಿ ಭಿಕ್ಷೆ. ಇವುಗಳ ನಡುವೆ ಕೈಲಾದ ಸೇವೆ. ಅತ್ತಿಯ ಮರವು ಎಲೆಯನ್ನಷ್ಟೇ ಅಲ್ಲದೆ ಹಣ್ಣನ್ನೂ ಉದುರಿಸುವುದು. ಕಾಲಿಗೆ ಸಿಕ್ಕಿದ ಹಣ್ಣು ಕಲ್ಲಿಗೆ ಅಂಟಿ ನೊಣಗಳನ್ನು ಕರೆಯುವುದು. ಬೆಳಗ್ಗೆ ಗುಡಿಸಿದ ಕಟ್ಟೆಯನ್ನು ಸಂಜೆಗೆ ಮತ್ತೆ ಗುಡಿಸಲೇಬೇಕು. ಮಳೆಗಾಲದಲ್ಲಿ ಎರೆಮಣ್ಣು ಯಾತ್ರಿಕರ ಕಾಲಿನೊಡನೆ ಒಳಕ್ಕೆ ಬರುವುದು. 2020ರ ಅಕ್ಟೋಬರದಲ್ಲಿ ಭೀಮೆ ಉಕ್ಕಿ ದಡದ ಊರುಗಳನ್ನು ಹೊಕ್ಕಳು. ಹೊಳೆ ಇಳಿದ ಮೇಲೆ ಉಳಿಯುವುದು ರಾಡಿ. ಅದು ಒಣಗಿ ಗಟ್ಟಿಯಾಗುವ ಮೊದಲೇ ಬಾಚಿ ತೊಳೆಯಬೇಕು. ಆಗ ಸಂಕಲ್ಪ ಮಂತ್ರಗಳಿಗಿಂತ ಸಲಿಕೆ ಬುಟ್ಟಿಗಳು ಮುಂದಾಗುವುವು.

ಅಮರಜೆ ಹುಟ್ಟಿ ಬರುವ ಆಳಂದ ಸೀಮೆಯಲ್ಲಿ ಸೂಫಿ ಸಂತ ಲಾಡ್ಲೆ ಮಶಾಯಕರ ದರ್ಗಾ ಇದೆ. ಅದೇ ಆವರಣದಲ್ಲಿ ರಾಘವಚೈತನ್ಯರ ಸಮಾಧಿಯೂ ಉಂಟು. ಈಚಿನ ವರ್ಷಗಳಲ್ಲಿ ಇಲ್ಲಿಯ ಪೂಜೆಯ ಹಕ್ಕಿನ ವಿಷಯವು ನ್ಯಾಯಾಲಯದವರೆಗೆ ಹೋಗಿದೆ. ಕಸಬರಿಗೆಯ ಹಕ್ಕಿಗಾಗಿ ಕಾದಾಡಿದವರ ಸುದ್ದಿ ಮಾತ್ರ ಕೇಳಿಬಂದಿಲ್ಲ. ಬಾಡಿದ ಹೂವು ಯಾರ ಕೈಯಿಂದ ಏರಿಸಿದುದೆಂದು ಗುಡಿಸುವವನು ಕೇಳುವುದಿಲ್ಲ. ಇನ್ನು ಜೇವರ್ಗಿಯಲ್ಲಿ, ಅಖಂಡೇಶ್ವರನೆಂಬ ಅಂಕಿತದಿಂದ ಏಳುನೂರಕ್ಕೂ ಮಿಕ್ಕಿ ವಚನಗಳನ್ನು ರಚಿಸಿದ ಷಣ್ಮುಖ ಶಿವಯೋಗಿಗಳ ಗದ್ದುಗೆಯಿದೆ. ವಚನಗಳು ಓಲೆಗರಿಯಲ್ಲಿ ಉಳಿದುದು ಪ್ರತಿ ಮಾಡಿದವರಿಂದ; ಗದ್ದುಗೆಗಳು ಉಳಿಯುವುದು ಸಾರಿಸಿ ಗುಡಿಸುವವರಿಂದ.

ಇಷ್ಟಾದರೂ ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಗತ್ಯಂತರವಿಲ್ಲ. ಆಳಂದವು ಏಕಾಂತದ ರಾಮಯ್ಯನ ಹುಟ್ಟೂರೆಂಬುದು ತಿಳಿದುಬಂದುದು ದೂರದ ಹಾವೇರಿ ಜಿಲ್ಲೆಯ ಅಬಲೂರಿನ ಸುಮಾರು 1200ರ ಶಾಸನದಿಂದ. ಯಾವನೋ ಭಾವುಕನು ಆ ಕಲ್ಲಿಗೆ ವರ್ಷವರ್ಷವೂ ಸುಣ್ಣ ಬಳಿದು, ಮುಂದಿನವನು ಸಿಮೆಂಟಿನಲ್ಲಿ ಮುಚ್ಚಿದ್ದರೆ ಆಳಂದಕ್ಕೆ ಆ ಕೀರ್ತಿ ಎಲ್ಲಿಯದು? ಎಣ್ಣೆ ಜಿಡ್ಡು ಅಕ್ಷರದ ಗೆರೆಗಳನ್ನು ತುಂಬುವುದು. ಸುಣ್ಣ ಬಣ್ಣಗಳು ಅವನ್ನು ಹೂಳುವುವು. ಉಕ್ಕಿನ ಕುಂಚದಿಂದ ಉಜ್ಜಿದರೆ ಅಕ್ಷರವೇ ಸವೆದುಹೋಗುವುದು. ಗೋಡೆಯ ಸಂದಿನಲ್ಲಿ ಮೊಳೆತ ಅರಳಿಯ ಸಸಿಯನ್ನು ಎಳೆಯದಿರುವಾಗಲೇ ತೆಗೆಯದೆ ಬಿಡುವುದೂ, ಬಲಿತ ಮೇಲೆ ಜಗ್ಗಿ ಕಲ್ಲನ್ನೇ ಸಡಲಿಸುವುದೂ ಸಮಾನವಾದ ಅಪರಾಧಗಳು. ಅಕ್ಷರವಿರುವ ಕಲ್ಲನ್ನು ಗುರುತಿಸಿ, ಅದಕ್ಕೆ ಏನನ್ನೂ ಬಳಿಯದೆ, ತಿಳಿದವರಿಗೆ ತೋರಿಸುವುದೂ ಸೇವೆಯೇ.

ಆದುದರಿಂದ ಈ ಸೇವೆಗೆ ಭಕ್ತಿಯೊಂದೇ ಸಾಲದು, ವಿವೇಕವೂ ಬೇಕು. ಮನೆಮನೆಯ ಹಿರಿಯರು ಮಕ್ಕಳನ್ನು ಕ್ಷೇತ್ರದರ್ಶನಕ್ಕೆ ಕರೆದೊಯ್ಯುವಾಗ ಕಾಯಿಕರ್ಪೂರಗಳೊಡನೆ ಒಂದು ಕಸಬರಿಗೆಯನ್ನೂ ಒಯ್ಯಲಿ. ಯಾವ ಕಸವನ್ನು ಗುಡಿಸಬೇಕು, ಯಾವ ಕಲ್ಲನ್ನು ಮುಟ್ಟದೆ ಬಿಡಬೇಕು ಎಂಬುದನ್ನು ಅಲ್ಲಿಯೇ ಕಲಿಸಲಿ. ಅಂಗಳ ಗುಡಿಸಿದವರ ಹೆಸರು ಶಾಸನವಾಗದಿದ್ದರೂ, ಶಾಸನವು ಉಳಿಯುವುದು ಅವರಿಂದಲೇ.