ಸಿಲೋನಿನಿಂದ ಸುಳ್ಯಕ್ಕೆ: ಲೋಕಸಂಪರ್ಕದ ಒಂದು ಪಾಠ

ಸರಕಾರವು ಜನರೊಡನೆ ವ್ಯವಹರಿಸುವ ಬಗೆಯನ್ನು ಕಲಿಸಲು ನಿಯಮಗಳ ಪಠಣಕ್ಕಿಂತ, ನಡೆದ ಪ್ರಸಂಗವೊಂದರ ವಿಮರ್ಶೆಯೇ ಹೆಚ್ಚು ಫಲಕಾರಿಯೆಂಬುದು ನಮ್ಮ ಅಭಿಪ್ರಾಯ. ಘಟ್ಟದ ತಪ್ಪಲಿನ ಸಿದ್ದಾಪುರದ ವಿದ್ಯಾರ್ಥಿಗೆ ಅಂತಹ ಪ್ರಸಂಗವು ದೂರದಲ್ಲಿಲ್ಲ. 1997ರವರೆಗೆ ಕುಂದಾಪುರವನ್ನೂ ಒಳಗೊಂಡಿದ್ದ ದಕ್ಷಿಣ ಕನ್ನಡ ಜಿಲ್ಲೆಯ ಸುಳ್ಯ, ಪುತ್ತೂರುಗಳ ರಬ್ಬರು ತೋಟಗಳಲ್ಲಿಯೇ ಅದು ದೊರೆಯುತ್ತದೆ.

ಬ್ರಿಟಿಷರ ಕಾಲದಲ್ಲಿ ತಮಿಳುನಾಡಿನಿಂದ ಸಿಲೋನಿನ ತೋಟಗಳಿಗೆ ಹೋದ ಕೂಲಿಗಾರರ ಸಂತತಿಯಲ್ಲಿ ಹೆಚ್ಚಿನವರು ಅಲ್ಲಿಯ 1948ರ ಪೌರತ್ವ ಕಾಯಿದೆಯಿಂದ ಯಾವ ದೇಶಕ್ಕೂ ಸೇರದವರಾದರು. 1964ರ ಅಕ್ಟೋಬರ್ 30ರಂದು ಲಾಲ್ ಬಹಾದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆಯವರ ನಡುವೆ ಆದ ಒಪ್ಪಂದದಂತೆ, ಅಂದಾಜು 9,75,000 ಮಂದಿಯಲ್ಲಿ 5,25,000 ಮಂದಿ ಭಾರತಕ್ಕೂ 3,00,000 ಮಂದಿ ಸಿಲೋನಿಗೂ ಸಲ್ಲಬೇಕಾಯಿತು. ಉಳಿದ 1,50,000 ಮಂದಿಯನ್ನು 1974ರಲ್ಲಿ ಸಮಪಾಲು ಮಾಡಲಾಯಿತು. ಹೀಗೆ ಭಾರತಕ್ಕೆ ಬಂದ ಕೆಲವು ಕುಟುಂಬಗಳಿಗೆ ಸುಳ್ಯ, ಪುತ್ತೂರುಗಳಲ್ಲಿ ಸರಕಾರವು ಬೆಳೆಸಿದ ರಬ್ಬರು ತೋಟಗಳಲ್ಲಿ ದುಡಿಮೆಯೂ ವಸತಿಯೂ ದೊರೆತವು.

ಇಲ್ಲಿ ಮೊದಲು ಗಮನಿಸತಕ್ಕದ್ದು ಹೆಸರು. 1960ರಿಂದ ಬೈಲಕುಪ್ಪೆಯಲ್ಲಿ ನೆಲೆಸಿದ ಟಿಬೆಟನ್ನರು ಕಾನೂನಿನ ದೃಷ್ಟಿಯಲ್ಲಿ ವಿದೇಶೀಯರು. ತೋಟಗಳಿಗೆ ಬಂದವರಾದರೋ ಭಾರತದ ಪ್ರಜೆಗಳೆಂದೇ ಅಂಗೀಕೃತರಾದವರು. ಆದರೂ ಜನರ ಬಾಯಲ್ಲಿ ಅವರು 'ನಿರಾಶ್ರಿತ'ರಾಗಿಯೇ ಉಳಿದರು. ಕಾಗದವು ಕೊಟ್ಟ ಹಕ್ಕನ್ನು ಮಾತು ಹಿಂದಕ್ಕೆಳೆದಂತಾಯಿತು.

ಎರಡನೆಯದು ಭಾಷೆ. ಮನೆಯಲ್ಲಿ ತಮಿಳು, ಪೇಟೆಯಲ್ಲಿ ತುಳು, ಕಚೇರಿಯಲ್ಲಿ ಕನ್ನಡ. ಅದರ ಮೇಲೆ ಜಾತಿ ಪ್ರಮಾಣಪತ್ರದ ತೊಡಕು ಬಂದಿತು. ಸಂವಿಧಾನದ 341ನೆಯ ವಿಧಿಯಂತೆ ಪರಿಶಿಷ್ಟ ಜಾತಿಗಳ ಪಟ್ಟಿಯು ರಾಜ್ಯಕ್ಕೆ ರಾಜ್ಯ ಬೇರೆ. ಮೂಲ ಒಂದು ಕಡೆ, ವಾಸ ಇನ್ನೊಂದು ಕಡೆಯಾದವರಿಗೆ ಈ ಪತ್ರವನ್ನು ಪಡೆಯುವುದು ದೀರ್ಘಕಾಲ ಕಷ್ಟವಾಯಿತು. ಅದಿಲ್ಲದೆ ಮಕ್ಕಳ ವಿದ್ಯಾರ್ಥಿವೇತನವೂ ಮೀಸಲಾತಿಯೂ ಕೈಗೆಟುಕುವಂತಿರಲಿಲ್ಲ.

ತರಗತಿಯಲ್ಲಿ ಈ ಪ್ರಸಂಗವನ್ನು ಹೀಗೆ ಬಳಸಬಹುದು. ಒಬ್ಬ ವಿದ್ಯಾರ್ಥಿಯು ತಹಶೀಲ್ದಾರನಾಗಿ, ಅರ್ಜಿಯನ್ನು ನಿರಾಕರಿಸುವ ಹಿಂಬರಹವನ್ನು ಬರೆಯಲಿ; ಇನ್ನೊಬ್ಬನು ತೋಟದ ಕಾರ್ಮಿಕನಾಗಿ ಅದನ್ನು ಓದಿಸಿ ಕೇಳಲಿ. ಕಾರಣವು ತಿಳಿಯಿತೇ? ಮುಂದೆ ಯಾರ ಬಳಿಗೆ, ಎಷ್ಟು ದಿನದೊಳಗೆ ಹೋಗಬೇಕೆಂಬುದು ಅದರಲ್ಲಿದೆಯೇ? ಮನೆಯಲ್ಲಿ ಕುಂದಗನ್ನಡವನ್ನಾಡಿ ಕಚೇರಿಯ ಕನ್ನಡದ ಮುಂದೆ ತಡವರಿಸಿದ ಹುಡುಗನಿಗೆ ಆ ಕಾರ್ಮಿಕನ ಸ್ಥಿತಿಯನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಎರಡು ಸರಕಾರಗಳು ಲಕ್ಷಗಳ ಲೆಕ್ಕದಲ್ಲಿ ಹಂಚಿಕೊಂಡ ಜನರನ್ನು ಊರಿನವರನ್ನಾಗಿ ಮಾಡುವ ಕೆಲಸವು ಕೊನೆಗೆ ತಾಲೂಕು ಕಚೇರಿಯ ಮೇಜಿಗೇ ಬರುತ್ತದೆ. ಆ ಮೇಜಿನ ಹಿಂದೆ ನಾಳೆ ಕುಳಿತುಕೊಳ್ಳುವವರು ನಮ್ಮ ವಿದ್ಯಾರ್ಥಿಗಳೇ.