‘ಇನ್‌ಸ್ಟಾಲ್’ ಕಮಾಂಡ್‌ನಿಂದ ಏನೂ ಅಳಿಸಿಹೋಗುವುದಿಲ್ಲವೇ?

ಲಿನಕ್ಸ್‌ನಲ್ಲಿ ‘ಇನ್‌ಸ್ಟಾಲ್’ ಎಂದರೆ ತಂತ್ರಾಂಶ ಸೇರುತ್ತದೆ ಅಷ್ಟೇ, ಇದ್ದದ್ದು ಹೋಗುವುದಿಲ್ಲ ಎಂದು ಹಲವರು ನಂಬುತ್ತಾರೆ. ಇದು ಪೂರ್ತಿ ನಿಜವಲ್ಲ.

ಉಬುಂಟುವಿನಂಥ ಲಿನಕ್ಸ್‌ಗಳಲ್ಲಿ ಈ ಕೆಲಸ ‘ಆಪ್ಟ್’‌ನದು. ಹೊಸ ಪ್ಯಾಕೇಜ್ ಹಳೆಯದರ ಜೊತೆ ಹೊಂದದಿದ್ದರೆ, ಹಳೆಯದನ್ನು ತೆಗೆಯಲು ಅದು ಮುಂದಾಗಬಹುದು.

2021ರಲ್ಲಿ ಕೆನಡಾದ ಯೂಟ್ಯೂಬರ್ ಲೈನಸ್ ಸೆಬಾಸ್ಟಿಯನ್ ‘ಪಾಪ್ ಓಎಸ್’ ಲಿನಕ್ಸ್‌ನಲ್ಲಿ ಗೇಮ್‌ಗಳಿಗಾಗಿ ‘ಸ್ಟೀಮ್’ ಹಾಕಲು ಹೋದರು. ಪ್ಯಾಕೇಜ್‌ನಲ್ಲಿ ದೋಷವಿತ್ತು, ಆಪ್ಟ್ ಎಚ್ಚರಿಸಿತು. ಆದರೂ ಅವರು ಒಪ್ಪಿಗೆ ಟೈಪ್ ಮಾಡಿದರು. ಇಡೀ ಡೆಸ್ಕ್‌ಟಾಪ್ ಅಳಿಸಿಹೋಯಿತು!

ಹಾಗಾದರೆ ಏನು ಮಾಡಬೇಕು? ‘ವೈ’ ಒತ್ತುವ ಮುನ್ನ, ಯಾವ ಪ್ಯಾಕೇಜ್‌ಗಳನ್ನು ತೆಗೆಯಲಾಗುತ್ತದೆ ಎಂಬ ಪಟ್ಟಿ ಓದಿ. ಅನುಮಾನ ಬಂದರೆ ‘ಎನ್’ ಒತ್ತಿ.

ನೆನಪಿಡಿ: ‘ರಿಮೂವ್’ ಕೊಟ್ಟರೆ ತಂತ್ರಾಂಶ ಹೋದರೂ ಸಿಸ್ಟಂನಲ್ಲಿ ಅದರ ಸೆಟ್ಟಿಂಗ್ ಫೈಲ್‌ಗಳು ಉಳಿಯುತ್ತವೆ, ‘ಪರ್ಜ್’ ಅವನ್ನೂ ತೆಗೆಯುತ್ತದೆ. ಫಾರ್ವರ್ಡ್ ಆಗಿ ಬಂದ ಕಮಾಂಡ್‌ಗಳನ್ನು ಅರ್ಥವಾಗದೆ ಪೇಸ್ಟ್ ಮಾಡಬೇಡಿ.